ಕಡವು ಕಾದ ರಾವುತ

ಇದನ್ನೊಂದು ಪೂರ್ತಿ ಕೇಳಿಬಿಡಿ, ಆಮೇಲೆ ಬೇಕಾದರೆ ಎದ್ದು ಹೋಗಿ. ಒಡೆಯ ಇಥೆಲ್‌ನ ಹಜಾರದಲ್ಲಿ ಇಪ್ಪತ್ತನಾಲ್ಕು ರಾವುತರಿದ್ದರು ಅಂತ ಎಲ್ಲರೂ ಹಾಡುತ್ತಾರೆ. ಕಾಡುಹಂದಿ ಕೊಂದವನ ಹಾಡಿದೆ, ದೈತ್ಯನ ಮೂಗು ಕೊಯ್ದವನ ಹಾಡಿದೆ, ಯುದ್ಧಕ್ಕೇ ಹೋಗದೆ ಬರೀ ಚೆನ್ನಾಗಿ ಉಣ್ಣುತ್ತಿದ್ದ ಒಬ್ಬನದ್ದೂ ಹಾಡಿದೆ! ಆದರೆ ಇಪ್ಪತ್ತೈದನೆಯವನೊಬ್ಬನಿದ್ದ. ಹೆಸರು ತುದ್ವಾಲ್. ಹಜಾರದ ಹಾಡುಗಾರರನ್ನು ಕೇಳಿದರೆ ಯಾರಪ್ಪಾ ಅದು ಅನ್ನುತ್ತಾರೆ. ಅವನ ಸುದ್ದಿ ಗೊತ್ತಿರುವುದು ತೈವಿ ಹೊಳೆಯಲ್ಲಿ ಹರಿಗೋಲು ಹಾಕುವ ನಮ್ಮ ಜನಕ್ಕೆ ಮಾತ್ರ.

ತುದ್ವಾಲ್ ಹುಟ್ಟಿದ್ದೇ ಅಂಬಿಗರ ಮನೆಯಲ್ಲಿ. ಅಪ್ಪ ಹೊಳೆದಂಡೆಯ ನೀರವಂಜಿ ಮರದ ಬಳುಕುವ ಕಡ್ಡಿ ಹೆಣೆದು, ಮೇಲೆ ಹಸುವಿನ ತೊಗಲು ಬಿಗಿದು ಹರಿಗೋಲು ಕಟ್ಟುತ್ತಿದ್ದ. ಮಗ ಹುಟ್ಟು ಹಾಕುತ್ತಿದ್ದ. ದಿನವಿಡೀ ಜನ. ಆದರೂ ಒಬ್ಬಂಟಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಡುನೀರಿನಲ್ಲಿ ಮದುವೆ, ಸಾವು, ಅತ್ತೆಯ ಜಗಳ ಎಲ್ಲವನ್ನೂ ಹೇಳಿಕೊಂಡವರು ದಡಕ್ಕೆ ಕಾಲಿಟ್ಟೊಡನೆ ತಿರುಗಿಯೂ ನೋಡುತ್ತಿರಲಿಲ್ಲ. ಎಷ್ಟೋ ಕಥೆಗಳ ಅರ್ಧ ಅವನಿಗೆ ಗೊತ್ತಿತ್ತು, ಯಾವುದರ ಕೊನೆಯೂ ಗೊತ್ತಿರಲಿಲ್ಲ.

ಅವನಿಗೆ ಹತ್ತೊಂಬತ್ತಾದಾಗ ಬೇಟೆಗೆ ಬಂದಿದ್ದ ಒಡೆಯ ಇಥೆಲ್ ಕುದುರೆಯ ಸಮೇತ ನೆರೆಗೆ ಬಿದ್ದ. ಕುದುರೆ ಹೋಯಿತು. ತುದ್ವಾಲ್ ಒಡೆಯನ ಜುಟ್ಟು ಹಿಡಿದು, ಬಲೆಗೆ ಬಿದ್ದ ದೊಡ್ಡ ಮೀನನ್ನು ಎಳೆದ ಹಾಗೆ ಹರಿಗೋಲಿಗೆ ಎಳೆದು ಹಾಕಿದ. ಒಡೆಯ ಒಂದು ಕೊಡ ನೀರು ಕಾರಿ, ಉಸಿರು ಬಂದ ಮೇಲೆ, "ಏನು ಬೇಕೋ ಕೇಳು ಮಗಾ" ಅಂದ.

ಹಸು ಕೇಳಬಹುದಿತ್ತು. ಹೊಲ ಕೇಳಬಹುದಿತ್ತು. ತುದ್ವಾಲ್, "ನಿಮ್ಮ ಹಜಾರದಲ್ಲಿ, ಎಲ್ಲರ ಜೊತೆ ಒಂದು ಜಾಗ ಕೊಡಿ" ಅಂದ.

ಒಡೆಯ ಮಾತಿಗೆ ತಪ್ಪಲಿಲ್ಲ. ಕತ್ತಿ ಕೊಟ್ಟ, ಕುದುರೆ ಕೊಟ್ಟ, ಗುರಾಣಿ ಕೊಟ್ಟ. ಗುರಾಣಿಯನ್ನು ಉದ್ದನೆಯ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿಸಿದ. ಅದರ ಕೆಳಗೆ ತುದ್ವಾಲ್ ಕೂತ. ಬಾಗಿಲು ತೆರೆದಾಗಲೆಲ್ಲ ಚಳಿಗಾಳಿ ಮೊದಲು ಅವನಿಗೇ ಬಡಿಯುತ್ತಿತ್ತು. ಪಕ್ಕದಲ್ಲಿ ಮೈಲೀರ್ ಅನ್ನುವ ಹಳೆಯ ಮನೆತನದ ರಾವುತ. ತುದ್ವಾಲ್ ಕೂತ ಮೊದಲ ದಿನವೇ ಅವನು ಮೂಗು ಮುಚ್ಚಿಕೊಂಡು ಗಟ್ಟಿಯಾಗಿ ಕೇಳಿದ:

"ಯಾರಯ್ಯಾ ಇಲ್ಲಿ ಮೀನು ತಂದಿಟ್ಟವ್ರು?"

"ಮೀನಲ್ಲ ಕಣೋ, ಹರಿಗೋಲು" ಅಂತ ಇನ್ನೊಬ್ಬ ಎದುರಿನಿಂದ ಕೂಗಿದ. "ಹುಷಾರು, ನಿನ್ನನ್ನೂ ಜುಟ್ಟು ಹಿಡಿದು ಎಳೀತಾನೆ!"

ಹಜಾರಕ್ಕೆ ಹಜಾರವೇ ನಕ್ಕಿತು. ತುದ್ವಾಲನೂ ನಕ್ಕ, ಜೊತೆಗೆ ನಕ್ಕರೆ ಸೇರಿಸಿಕೊಳ್ಳುತ್ತಾರೆ ಅಂದುಕೊಂಡು. ಸೇರಿಸಿಕೊಳ್ಳಲಿಲ್ಲ. ಅಂದಿನಿಂದ ಅವನ ಹೆಸರೇ ಹರಿಗೋಲು. ಮನೆಯಿಂದ ಬೆನ್ನ ಮೇಲೆ ಹೊತ್ತು ತಂದಿದ್ದ ಹರಿಗೋಲನ್ನು ಮತ್ತೆ ಮುಟ್ಟುವುದಿಲ್ಲ ಅಂತ ಅವನು ಆಣೆ ಹಾಕಿಕೊಂಡದ್ದೂ ಅಂದೇ.

ಆ ಹಜಾರದಲ್ಲೊಂದು ಪದ್ಧತಿಯಿತ್ತು. ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ. ಯಾವ ರಾವುತನೂ ತಾನು ಮಾಡಿದ್ದನ್ನು ತನ್ನ ಬಾಯಿಂದ ಹೇಳುವಂತಿಲ್ಲ. ಅವನ ಕೈಯಲ್ಲಿ ಸೋತವನೇ ಹಜಾರಕ್ಕೆ ಬಂದು, ನಾನು ಇಂಥವನಿಗೆ ಸೋತೆ ಅಂತ ಎಲ್ಲರೆದುರು ಹೇಳಬೇಕು, ಆಮೇಲೆ ಒಂದು ವರ್ಷ ಒಂದು ದಿನ ಅಲ್ಲೇ ಇರಬೇಕು. ಸೋತವನ ಬಾಯಿಗೆ ಮಾತ್ರ ಬೆಲೆ, ಯಾಕೆಂದರೆ ಸೋಲಿನ ಸುಳ್ಳನ್ನು ಯಾರು ತಾನೇ ಹೇಳುತ್ತಾರೆ? ಏಳು ವರ್ಷದಲ್ಲಿ ಒಬ್ಬನಾದರೂ ಬಂದು ಹೇಳದಿದ್ದರೆ, ಏಳನೆಯ ವಸಂತದ ಪೆಂತೆಕೊಸ್ತು ಹಬ್ಬದ ಊಟದ ಹೊತ್ತಿಗೆ ಆ ರಾವುತನ ಗುರಾಣಿ ಗೋಡೆಯಿಂದ ಇಳಿಯುತ್ತದೆ. ಇಳಿದ ಗುರಾಣಿ ಮತ್ತೆ ಏರುವುದಿಲ್ಲ. ಅವನ ಹೆಸರನ್ನು ಹಾಡುಗಾರ ಮತ್ತೆ ಎತ್ತುವುದಿಲ್ಲ.

ಯಾರ್‍ಯಾರಿಗೆ ಯಾವ ಕೆಲಸ ಅಂತ ಒಡೆಯ ಹಂಚುವಾಗ ಮೈಲೀರ್ ಬಾಯಿ ಹಾಕಿದ. "ಮೇಲಿನ ಕಡವು ಕಾಯೋಕೆ ಯಾರೂ ಇಲ್ವಲ್ಲ ಒಡೆಯಾ. ನೀರಿನವನಿಗೆ ನೀರೇ ಸರಿ."

ಕಡವು ಅಂದರೆ ತೈವಿ ಅಗಲವಾಗಿ, ಮಂಡಿಯುದ್ದ ನೀರಿನಲ್ಲಿ ಹರಿಯುವ ಜಾಗ. ಆಚೆ ದಡ ಬೇರೆ ಒಡೆಯನದು. ಅಲ್ಲಿಂದ ಕತ್ತಿ ಕಟ್ಟಿಕೊಂಡು ಬರುವವನು ಕಡವಿನ ರಾವುತನ ಜೊತೆ ಹೋರಾಡಿಯೇ ದಾಟಬೇಕು. ಈಚೆ ದಡದಲ್ಲಿ ಒಂದು ನಿಂತ ಕಲ್ಲು. ಅಲ್ಲಿಂದ ಎಡಕ್ಕೆ ಹೋದರೆ ಗುಡ್ಡದ ಮೇಲೆ ಹಾದು, ನಡೆದರೂ ಒಂದು ದಿನದಲ್ಲಿ ಇಥೆಲ್‌ನ ಹಜಾರ, ಬಲಕ್ಕೆ ಹೋದರೆ ಹೊಳೆಯ ಗುಂಟ ಕುದುರೆಯ ಮೇಲೆ ಒಂದು ದಿನದಲ್ಲಿ ಸಮುದ್ರದ ಹತ್ತಿರದ ಸಂತನ ಇಗರ್ಜಿ. ಕಲ್ಲಿನ ಹಿಂದೆ ಹುಲ್ಲು ಹೊದಿಸಿದ ಒಂದು ಗುಡಿಸಲು. ಅದರಲ್ಲಿ ತುದ್ವಾಲ್ ಏಳು ವರ್ಷ ಇದ್ದ.

ಮಾತಾಡಲು ಸಿಗುತ್ತಿದ್ದವಳು ಮಾಬ್ಲಿ ಅಜ್ಜಿಯೊಬ್ಬಳೇ. ಗುಡ್ಡದ ಮೇಲೆ ಆಡು ಮೇಯಿಸಿಕೊಂಡಿದ್ದ ಗಂಡ ಸತ್ತ ಮುದುಕಿ. ವಾರಕ್ಕೊಮ್ಮೆ ಓಟ್ಸ್ ರೊಟ್ಟಿ, ಒಂದು ಗಡಿಗೆ ಮಜ್ಜಿಗೆ ತಂದುಕೊಡುತ್ತಿದ್ದಳು. ಇವನು ಹೊಗೆಯಲ್ಲಿ ಒಣಗಿಸಿದ ಸಾಮನ್ ಮೀನು ಕೊಡುತ್ತಿದ್ದ. ಮಿಕ್ಕ ಆರು ದಿನ ಅವನು ಕಲ್ಲುಗಳ ಜೊತೆ ಮಾತಾಡುತ್ತಿದ್ದ. ನಗಬೇಡಿ, ನಿಜ. ಕಡವಿನಲ್ಲಿ ನೀರಿನಡಿ ಇಪ್ಪತ್ತನಾಲ್ಕು ದೊಡ್ಡ ಕಲ್ಲುಗಳಿದ್ದವು. ಅವುಗಳಿಗೆ ಬೆಂಚಿನ ಇಪ್ಪತ್ತನಾಲ್ಕು ರಾವುತರ ಹೆಸರಿಟ್ಟಿದ್ದ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಪಾಚಿ ಕಟ್ಟಿ, ಕಾಲಿಟ್ಟರೆ ಸಾಕು ಜಾರಿಸುವ ಚಪ್ಪಟೆ ಕಲ್ಲಿನ ಹೆಸರು ಮೈಲೀರ್.

"ಇವತ್ತು ಯಾರ ಜೊತೆ ಪಂಚಾಯ್ತಿ?" ಅಂತ ಮಾಬ್ಲಿ ಒಮ್ಮೆ ದಡದಿಂದ ಕೂಗಿದಳು.

"ಯಾರ ಜೊತೆನೂ ಇಲ್ಲ ಅಜ್ಜಿ."

"ಸುಳ್ಳು ಹೇಳ್ಬೇಡ. ಬಾಯಾಡ್ತಿತ್ತು. ಕಲ್ಲು ಏನಂತು?"

"ಏನೂ ಅನ್ನಲಿಲ್ಲ."

"ಹಂಗಾದ್ರೆ ಹಜಾರದೋರಿಗಿಂತ ಕಲ್ಲೇ ವಾಸಿ ಬಿಡು, ಬಯ್ಯೋದಾದ್ರೂ ಇಲ್ಲ."

ಏಳು ವರ್ಷದಲ್ಲಿ ಕತ್ತಿ ಕಟ್ಟಿಕೊಂಡು ಬಂದವರು ಮೂವರೇ. ಮೂವರನ್ನೂ ತುದ್ವಾಲ್ ಸೋಲಿಸಿದ. ಕುದುರೆ ಮೇಲೆ ಅವನು ಅಷ್ಟಕ್ಕಷ್ಟೇ. ನೀರಿನಲ್ಲಿ ನಿಂತರೆ ಮಾತ್ರ ಅವನ ಸಮ ಯಾರೂ ಇಲ್ಲ. ಹೊಳೆಯ ಹೊಟ್ಟೆಯೊಳಗೆ ಎಲ್ಲಿ ಏನಿದೆ ಅಂತ ಅವನ ಅಂಗಾಲಿಗೆ ಗೊತ್ತಿತ್ತು. ಸೋತವನ ಬಲಗೈ ಮಣಿಕಟ್ಟಿಗೆ ನೀರವಂಜಿಯ ಕಡ್ಡಿಯ ಬಳೆ ಹೆಣೆದು ಹಾಕುತ್ತಿದ್ದ, ಅಪ್ಪ ಹರಿಗೋಲಿನ ಅಂಚಿಗೆ ಹಾಕುತ್ತಿದ್ದ ಗಂಟು. ಕೊಯ್ಯದೆ ಅದು ಬಿಚ್ಚುವುದಿಲ್ಲ, ಬೇರೆಯವರಿಗೆ ಹೆಣೆಯಲು ಬರುವುದಿಲ್ಲ. ಹಜಾರದಲ್ಲಿ ಬಳೆ ನೋಡಿದ ಕೂಡಲೇ ಇವನು ತುದ್ವಾಲನಿಗೆ ಸೋತವನು ಅಂತ ಗೊತ್ತಾಗಬೇಕು.

ಮೊದಲನೆಯವನು ಬಳೆ ಹಾಕಿಸಿಕೊಂಡು, ಕೈಮುಗಿದು, ಎಡದ ದಾರಿ ಹಿಡಿದ. ಮಾರನೆಯ ವಾರ ಮಾಬ್ಲಿ ಕೊಯ್ದ ಬಳೆಯೊಂದನ್ನು ತಂದಳು. ಗುಡ್ಡದಾಚೆ ಮುಳ್ಳುಪೊದೆಯಲ್ಲಿ ಬಿದ್ದಿತ್ತಂತೆ. "ಚೆನ್ನಾಗಿ ಗಟ್ಟಿಯಾಗಿದೆ, ದಾರ ಕಟ್ಟಿದ್ರೆ ಆಡಿನ ಕೊರಳಿಗೆ ಆಗುತ್ತೆ" ಅಂದಳು. ಎರಡನೆಯವನು ಕಾಯಿಲೆಯ ಮಗಳಿಗೆ ಸಂತನ ಬಾವಿಯ ನೀರು ತರಲು ಹೊರಟವನು. ಅವನಿಗೆ ಬಳೆ ಹಾಕಲು ತುದ್ವಾಲನಿಗೆ ಕೈಬರಲಿಲ್ಲ. ಮೂರನೆಯವನು ಎಪ್ಪತ್ತು ದಾಟಿದ ಮುದುಕ. ಬಿದ್ದವನನ್ನು ಎತ್ತಿ ಕೂರಿಸಿ, ಬೆನ್ನು ಒರೆಸಿ, ಮೀನು ಸುಟ್ಟುಕೊಟ್ಟು, ಬಳೆ ಹಾಕದೆಯೇ ಕಳಿಸಿದ. ಅದು ಐದನೆಯ ವರ್ಷ. ಆಮೇಲೆ ಯಾರೂ ಬರಲಿಲ್ಲ.

ಏಳನೆಯ ವಸಂತದಲ್ಲಿ, ಹಬ್ಬಕ್ಕೆ ಇನ್ನು ಎರಡು ವಾರ ಇರುವಾಗ ಮೈಲೀರ್ ಆ ದಾರಿಯಲ್ಲಿ ಹಾದುಹೋದ. ಕುದುರೆಯಿಂದ ಇಳಿಯಲೂ ಇಲ್ಲ.

"ಏನಯ್ಯಾ ಹರಿಗೋಲು, ಇನ್ನೂ ತೇಲ್ತಿದ್ದೀಯಾ?"

"ಒಡೆಯರು ಚೆನ್ನಾಗಿದ್ದಾರಾ?"

"ಚೆನ್ನಾಗಿದ್ದಾರೆ. ಈ ಹಬ್ಬಕ್ಕೆ ನಿನ್ನ ಗುರಾಣಿ ಇಳಿಸ್ತಾರೆ, ಗೊತ್ತಲ್ಲ? ಜಾಗಕ್ಕೆ ನನ್ನ ತಂಗಿ ಮಗ ಬರ್ತಾನೆ. ಏಳು ವರ್ಷ ಇಲ್ಲಿ ಏನು ಮಾಡ್ದೆ ಮಾರಾಯಾ, ನಿದ್ದೇನಾ?"

ಮೂವರನ್ನು ಸೋಲಿಸಿದೆ ಅಂತ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ತನ್ನ ಬಾಯಿಂದ ತಾನು ಹೇಳುವಂತಿಲ್ಲವಲ್ಲ. "ಮೀನು ಹಿಡೀತಿದ್ದೆ" ಅಂದ.

ಮೈಲೀರ್ ಹೋದ ಮೇಲೆ ಮಾಬ್ಲಿ ಕೂಗಾಡಿದಳು. "ನಾನು ಗುಡ್ಡದ ಮೇಲಿಂದ ಮೂರನ್ನೂ ಕಣ್ಣಾರೆ ಕಂಡಿದ್ದೀನಿ! ನಾನು ಬಂದು ಹೇಳ್ತೀನಿ."

"ಸೋತವನೇ ಹೇಳ್ಬೇಕು ಅಜ್ಜಿ."

"ಸೋತವನೇ ಬೇಕಾ? ಹಂಗಾದ್ರೆ ಬಾ, ಈಗ್ಲೇ ಒಂದು ಪಟ್ಟು ಹಾಕು. ನಾನೇ ಸೋಲ್ತೀನಿ, ನನ್ನ ಕೈಗೇ ಬಳೆ ಹಾಕು. ಒಂದು ವರ್ಷ ಅವರ ಹಜಾರದಲ್ಲಿ ಕೂತು ಉಂಡು ಅವರ ಸೊಂಟ ಮುರೀತೀನಿ."

ತುದ್ವಾಲ್ ಬಹಳ ದಿನದ ಮೇಲೆ ನಕ್ಕ. ಆಮೇಲೆ ಅಂದ: "ಅಜ್ಜಿ, ನಂಗೆ ದೊಡ್ಡ ಹಾಡು ಬೇಡ. ಒಂದೇ ಒಂದು ಸಲ ಆ ಬಾಗಿಲಲ್ಲಿ ಯಾರಾದ್ರೂ ನಿಂತು ನನ್ನ ಹೆಸರು ಹೇಳಿ, ಅವರೆಲ್ಲ ತಿರುಗಿ ನೋಡಿದ್ರೆ ಸಾಕು. ಆಮೇಲೆ ಇನ್ನು ಎಪ್ಪತ್ತು ವರ್ಷ ಬೇಕಾದ್ರೂ ಇಲ್ಲಿರ್ತೀನಿ."

ಹಬ್ಬ ಭಾನುವಾರ. ಅದರ ಹಿಂದಿನ ಶನಿವಾರ ಬೆಳಿಗ್ಗೆ, ಮಂಜು ಇನ್ನೂ ನೀರಿನ ಮೇಲೇ ಮಲಗಿದ್ದಾಗ, ಆಚೆ ದಡದಲ್ಲಿ ಕುದುರೆಯ ಸದ್ದಾಯಿತು. ಕತ್ತಿ ಕಟ್ಟಿದ, ಕೆಂಪು ಗಡ್ಡದ ಯುವಕ. ತುದ್ವಾಲ್ ಎದ್ದು ದಡಕ್ಕೆ ಬಂದ. ಲೆಕ್ಕ ಹಾಕಿದ. ಈಗ ಬಳೆ ಹಾಕಿ ಕಳಿಸಿದರೆ, ನಾಳೆ ಊಟದ ಹೊತ್ತಿಗೆ ಇವನು ಹಜಾರದ ಬಾಗಿಲಲ್ಲಿ!

"ಯಾರು ನೀನು?"

"ಐನಿಯನ್. ದಾರಿ ಬಿಡು."

"ಎಲ್ಲಿಗೆ?"

"ಹೇಳಲ್ಲ. ಕಡವಿನ ಪದ್ಧತಿ ನಂಗೂ ಗೊತ್ತು. ಬಾ, ಬೇಗ ಮುಗಿಸೋಣ."

ಹೇಳದೆ ಇದ್ದದ್ದಕ್ಕೂ ಕಾರಣವಿತ್ತು. ಆ ಕಾಲದಲ್ಲಿ ಹೋರಾಟಕ್ಕೆ ಮುಂಚೆ ಕಾರಣ ಹೇಳಿ ದಾರಿ ಬೇಡುವವನು ಅಂಜಿದ ಅಂತಲೇ ಅರ್ಥ.

ತುದ್ವಾಲ್ ಕುದುರೆಯೇರಿ ಎದುರು ನಿಂತ. ಐನಿಯನ್ ಕುದುರೆಯನ್ನು ನೀರಿಗೆ ನುಗ್ಗಿಸಿದ. ಒಳ್ಳೆಯ ಈಟಿಗಾರ. ಮೊದಲ ಏಟಿಗೇ ತುದ್ವಾಲನ ಭುಜ ಸೀಳಿ ರಕ್ತ ಹರಿಯಿತು. ಎರಡನೆಯದು ಕಿವಿಯ ಪಕ್ಕದಲ್ಲಿ ಸುಯ್ ಅಂತು. ತುದ್ವಾಲ್ ಕುದುರೆಯಿಂದ ಜಿಗಿದು, ನೀರಿನಲ್ಲಿ ಹಿಂದೆ ಹಿಂದೆ ಸರಿಯುತ್ತಾ, ಒಂದೊಂದೇ ಕಲ್ಲನ್ನು ಅಂಗಾಲಿನಿಂದ ತಡವುತ್ತಾ, ಬೇಕಾದ ಕಡೆಗೇ ಅವನನ್ನು ಕರೆದುಕೊಂಡು ಹೋದ. ಐನಿಯನ್‌ನ ಕುದುರೆ ಬಂದು ಮೈಲೀರನ ಮೇಲೆ, ಆ ಪಾಚಿಗಲ್ಲಿನ ಮೇಲೆ ಕಾಲಿಟ್ಟಿತು! ಜಾರಿತು, ಮುಗ್ಗರಿಸಿತು, ಸವಾರ ಮುಖ ಅಡಿಯಾಗಿ ನೀರಿಗೆ ಬಿದ್ದ. ಎದ್ದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕತ್ತಿಯ ತುದಿ ಅವನ ಗಂಟಲ ಮೇಲಿತ್ತು.

"ಸೋತೆ" ಅಂದ ಐನಿಯನ್.

ತುದ್ವಾಲ್ ಅವನನ್ನು ನಿಂತ ಕಲ್ಲಿನ ಹತ್ತಿರ ಕೂರಿಸಿ, ನೀರವಂಜಿಯ ಬಳೆ ಹೆಣೆದ. ಇಷ್ಟು ಚೆಂದದ ಗಂಟನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ. ಐನಿಯನ್ ಬಳೆಯನ್ನೇ ನೋಡುತ್ತಿದ್ದ. ಆಮೇಲೆ, ದೊಡ್ಡ ಗಂಡಸು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದ.

"ಏನಾಯ್ತಯ್ಯಾ? ಒಂದು ವರ್ಷ ತಾನೇ? ಒಡೆಯರು ಒಳ್ಳೆಯವರು, ಚೆನ್ನಾಗಿ ನೋಡ್ಕೋತಾರೆ" ಅಂದ ತುದ್ವಾಲ್.

"ನನ್ನದಲ್ಲ ಅಣ್ಣಾ. ಕಿಹೆಲಿನ್‌ದು."

"ಯಾರು ಕಿಹೆಲಿನ್?"

"ಒಂದೇ ತಾಯಿ ಮೊಲೆಹಾಲು ಕುಡಿದು ಬೆಳೆದೋರು ನಾವು. ಪಕ್ಕದೂರಿನ ಕಣಜಕ್ಕೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಮುದುಕ ಸುಟ್ಟು ಸತ್ತ. ಕಿಹೆಲಿನ್ನೇ ಇಟ್ಟ ಅಂತಾರೆ. ನಾಳೆ ಪೂಜೆ ಮುಗಿದ ಮೇಲೆ ಸಂತನ ಇಗರ್ಜಿ ಮುಂದೆ ಐವತ್ತು ಜನ ಬಂಧುಗಳು ಕತ್ತಿ ಮುಟ್ಟಿ ಆಣೆ ಮಾಡ್ಬೇಕು, ಅವನು ಮಾಡಿಲ್ಲ ಅಂತ. ನಲವತ್ತೊಂಬತ್ತು ಜನ ಸೇರಿದ್ದಾರೆ. ನಾನು ಐವತ್ತನೆಯವನು. ಒಂದು ಬಾಯಿ ಕಡಿಮೆ ಆದ್ರೂ ಹಗ್ಗ."

ತುದ್ವಾಲ್ ಎರಡೂ ಕಡೆ ನೋಡಿದ. ಹೊಳೆ ಹರಿಯುತ್ತಿತ್ತು. ನಿಂತ ಕಲ್ಲಿನಿಂದ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಎರಡೂ ಕಡೆ ನಾಳೆಯೇ. ಬಾಯಿ ಒಂದೇ.

"ಹೋಗಿ ಆಣೆ ಮಾಡಿ, ಆಮೇಲೆ ಹಜಾರಕ್ಕೆ ಹೋಗು" ಅಂತ ಹೇಳಿದ, ಹೇಳುವಾಗಲೇ ಅದು ಆಗದ ಮಾತು ಅಂತ ತಿಳಿದಿತ್ತು.

"ಈ ಬಳೆ ಇಟ್ಕೊಂಡು ಹೆಂಗೆ ಆಣೆ ಮಾಡ್ಲಿ? ಬಳೆ ಹಾಕಿಸ್ಕೊಂಡವನು ನಿನ್ನ ಸೆರೆಯಾಳು. ಸ್ವತಂತ್ರ ಅಲ್ಲದವನ ಆಣೆನ ಪಾದ್ರಿ ಒಪ್ಪಲ್ಲ. ಇದನ್ನ ಕೊಯ್ಬೇಕು. ನಾನೇ ಕೊಯ್ದುಕೊಂಡ್ರೆ ಮಾತು ಮುರಿದವನಾಗ್ತೀನಿ, ಮಾತು ಮುರಿದವನ ಆಣೆಗೂ ಬೆಲೆ ಇಲ್ಲ. ನೀನೇ ಕೊಯ್ಬೇಕು ಅಣ್ಣಾ."

ಕೊಯ್ದ ಬಳೆಗೆ ಹಜಾರದಲ್ಲಿ ಬೆಲೆಯಿಲ್ಲ. ಮೊದಲನೆಯವನು ಕೊಯ್ದೆಸೆದ ಬಳೆ ತುದ್ವಾಲನ ಕಣ್ಣ ಮುಂದೆಯೇ ಮಾಬ್ಲಿಯ ಆಡಿನ ಕೊರಳಲ್ಲಿ ಎರಡು ವರ್ಷ ನೇತಾಡಿತ್ತು.

"ಅವನು ಬೆಂಕಿ ಇಟ್ಟಿಲ್ಲ ಅಂತ ನಿಂಗೆ ಗೊತ್ತಾ?" ಅಂತ ಕೇಳಿದ.

"ಆವತ್ತು ನಾನು ಊರಲ್ಲಿರಲಿಲ್ಲ."

"ಮತ್ತೆ?"

"ಅವನು ನಂಗೆ ಗೊತ್ತು. ಅಷ್ಟೇ."

ಕಣ್ಣಾರೆ ಕಾಣದಿದ್ದರೂ ನಿನ್ನ ಪರವಾಗಿ ಐವತ್ತು ಜನ ಬಾಯಿ ಕೊಡುವುದು ಅಂದರೆ ಹೇಗಿರುತ್ತದೆ? ಇಲ್ಲಿ ಕಣ್ಣಾರೆ ಕಂಡ ಮುದುಕಿಯ ಬಾಯಿಗೂ ಬೆಲೆಯಿಲ್ಲ. ತುದ್ವಾಲನಿಗೆ ಕಿಹೆಲಿನ್ ಮೇಲೆ ಹೊಟ್ಟೆಕಿಚ್ಚಾಯಿತು. ಹಗ್ಗದ ನೆರಳಲ್ಲಿ ನಿಂತವನ ಮೇಲೆ ಹೊಟ್ಟೆಕಿಚ್ಚು!

ಈ ಐನಿಯನ್ ಸುಳ್ಳು ಹೇಳುತ್ತಿರಬಹುದು. ಮೊದಲನೆಯವನೂ ಕೈಮುಗಿದೇ ಹೋಗಿದ್ದ. ಇವನನ್ನು ಎಡಕ್ಕೆ ಕಳಿಸಿದರೆ ಯಾರೂ ತಪ್ಪು ಅನ್ನುವುದಿಲ್ಲ. ಪದ್ಧತಿ ಇರುವುದೇ ಹಾಗೆ. ನಾಳೆ ಮಧ್ಯಾಹ್ನ ಆ ಬಾಗಿಲು ತೆರೆಯುತ್ತದೆ, ಚಳಿಗಾಳಿ ಬೀಸುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ತುದ್ವಾಲ್ ಅನ್ನುವ ಹೆಸರು ಆ ಹಜಾರದ ತೊಲೆಗಳಿಗೆ ಬಡಿಯುತ್ತದೆ.

ಅವನು ಸೊಂಟದ ಚಾಕು ತೆಗೆದ. ತೆಗೆದು ಬಹಳ ಹೊತ್ತು ಹಿಡಿದುಕೊಂಡೇ ಕೂತ. ಕೊನೆಗೆ ಐನಿಯನ್ ಕಣ್ಣು ಮುಚ್ಚಿಕೊಂಡ, ಏನಾಗುತ್ತದೋ ಅಂತ.

ಕಡ್ಡಿ ಹಸಿಯಾಗಿತ್ತು. ಸದ್ದೇ ಆಗದೆ ಕೊಯ್ದುಹೋಯಿತು.

"ಏಳು, ಹೊರಡು" ಅಂದ ತುದ್ವಾಲ್.

ಎದ್ದರೆ ಏನಿದೆ? ಐನಿಯನ್‌ನ ಕುದುರೆ ಮುಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ತುದ್ವಾಲನ ಕುದುರೆ ಹೋರಾಟದ ಗಲಾಟೆಗೆ ಬೆದರಿ ಗುಡ್ಡದ ಮೇಲೆಲ್ಲೋ ಓಡಿಹೋಗಿತ್ತು. ಕಾಲ್ನಡಿಗೆಯಲ್ಲಿ ಇಗರ್ಜಿ ಎರಡು ದಿನ. ಐನಿಯನ್ ಸೋತುಹೋದವನ ಹಾಗೆ ಮತ್ತೆ ಕೂತುಬಿಟ್ಟ; ಈ ಸಲದ ಸೋಲು ಬೇರೆ ಥರದ್ದು.

ಗುಡಿಸಲಿನ ಹಿಂದೆ, ಏಳು ವರ್ಷದಿಂದ ಮಗುಚಿ ಹಾಕಿದ್ದ ಹರಿಗೋಲಿತ್ತು. ತುದ್ವಾಲ್ ಅದರ ಮೇಲಿದ್ದ ಬಳ್ಳಿಗಳನ್ನು ಕಿತ್ತೆಸೆದ. ಒಳಗೆ ಇಲಿಯ ಗೂಡು. ತೊಗಲು ಎರಡು ಕಡೆ ಬಿರುಕು ಬಿಟ್ಟಿತ್ತು. ಮೀನಿನ ಎಣ್ಣೆ, ರಾಳ ಕಲಸಿ ಮೆತ್ತಿದ. ಒಬ್ಬ ರಾವುತನಿಗೆ ಕಡವು ಬಿಟ್ಟು ಹೋಗುವುದೇ ತಪ್ಪು. ಅಂಬಿಗನಾಗಿ ಬಿಟ್ಟುಹೋಗುವುದು ಅದಕ್ಕಿಂತ ದೊಡ್ಡ ನಾಚಿಕೆ. ಗುಡ್ಡದಿಂದ ಮಾಬ್ಲಿ ಏದುಸಿರು ಬಿಡುತ್ತಾ ಇಳಿದು ಬಂದಳು.

"ಇದೇನೋ ಮಗಾ? ಗೆದ್ದೆಯಲ್ಲೋ! ನಾನು ನೋಡಿ ಆಡಿನ ಜೊತೆ ಕುಣಿದುಬಿಟ್ಟೆ. ಅವನನ್ನ ಆ ಕಡೆ ಕಳಿಸೋದು ಬಿಟ್ಟು ಹರಿಗೋಲು ಯಾಕೆ?"

"ಗೆದ್ದಿದ್ದು ನೀನು ನೋಡಿದೆಯಲ್ಲ ಅಜ್ಜಿ."

"ನೋಡ್ದೆ."

"ಸಾಕು ಬಿಡು" ಅಂದ. ಸಾಕಾಗಿರಲಿಲ್ಲ ಅಂತ ಅವಳಿಗೂ ಗೊತ್ತು, ಅವನಿಗೂ ಗೊತ್ತು.

ಹುಟ್ಟು ಕೈಗೆ ಬಂದೊಡನೆ ತೋಳು ತಾನಾಗಿಯೇ ನೆನಪು ಮಾಡಿಕೊಂಡಿತು. ದಿನವಿಡೀ, ರಾತ್ರಿಯೂ, ಹರಿವಿನ ಜೊತೆ ಇಳಿದರು. ಭುಜದ ಗಾಯ ಪ್ರತಿ ಎಳೆತಕ್ಕೂ ಬಾಯಿ ತೆರೆಯುತ್ತಿತ್ತು. ಐನಿಯನ್ ಒಂದು ತಂಬಿಗೆ ಹಿಡಿದು ಒಳಗೆ ಬಂದ ನೀರು ಎತ್ತಿ ಹೊರಗೆ ಚೆಲ್ಲುತ್ತಾ ಕಿಹೆಲಿನ್ ಬಗ್ಗೆ, ತಾಯಿಯ ಬಗ್ಗೆ, ಚಿಕ್ಕಂದಿನಲ್ಲಿ ಇಬ್ಬರೂ ಕದ್ದು ತಿಂದ ಜೇನಿನ ಬಗ್ಗೆ ಹೇಳಿದ. ನಡುನೀರಿನಲ್ಲಿ ಎಲ್ಲರೂ ಹೀಗೇ ಹೇಳಿಕೊಳ್ಳುತ್ತಾರೆ. ತುದ್ವಾಲ್ ಹೂಂಗುಟ್ಟಿದ.

ಭಾನುವಾರ ಬೆಳಿಗ್ಗೆ, ಪೂಜೆಯ ಗಂಟೆ ಬಾರಿಸುವಾಗ ದಡ ಸೇರಿದರು. ಐನಿಯನ್ ಹಾರಿ ಇಳಿದು ಓಡಿದ. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿದ. ಕೊಯ್ದ ಬಳೆಯನ್ನು ಎತ್ತಿ ತೋರಿಸಿ ಓಡಿದ. ಅವನು ಅದನ್ನು ಇಟ್ಟುಕೊಂಡಿದ್ದ.

ಆಣೆ ನಡೆಯುವಾಗ ತುದ್ವಾಲ್ ಹರಿಗೋಲಿನ ಪಕ್ಕದಲ್ಲೇ ನಿಂತ. ಹೋಗಿ ನಿಲ್ಲಲು ಅವನು ಯಾರ ಬಂಧು? ದೂರದಿಂದ ದನಿಗಳು ಮಾತ್ರ ಕೇಳುತ್ತಿದ್ದವು. ಒಂದಾದ ಮೇಲೊಂದು, ಕಬ್ಬಿಣದ ಮೇಲೆ ಕೈಯಿಟ್ಟ ಸದ್ದು, "ಅವನು ಮಾಡಿಲ್ಲ." ಮತ್ತೆ, "ಅವನು ಮಾಡಿಲ್ಲ." ಅದೇ ಹೊತ್ತಿಗೆ ಅಲ್ಲಿ ಹಜಾರದಲ್ಲಿ ಗೋಡೆಯ ಮೊಳೆಯಿಂದ ಗುರಾಣಿ ಇಳಿಯುತ್ತಿರಬೇಕು. ಐವತ್ತನೆಯ ದನಿ ಐನಿಯನ್‌ನದು. ಹೆಂಗಸರು ಕೂಗಿಕೊಂಡು ಓಡಿ ಒಬ್ಬ ತೆಳ್ಳಗಿನ ಯುವಕನನ್ನು ಅಪ್ಪಿಕೊಂಡರು.

ಮಧ್ಯಾಹ್ನ ಆ ಯುವಕನೇ ಹೊಳೆಯ ಹತ್ತಿರ ಬಂದ. ಒಬ್ಬನೇ. ಹಬ್ಬದ ಗದ್ದಲ ಹಿಂದೆ ಕೇಳುತ್ತಿತ್ತು.

"ಆಚೆ ದಡಕ್ಕೆ ಬಿಡ್ತೀಯಾ?"

"ನೀನು ಕಿಹೆಲಿನ್ ಅಲ್ವಾ? ನಿಮ್ಮೋರೆಲ್ಲ ಅಲ್ಲಿ ಊಟಕ್ಕೆ ಕೂರ್ತಿದ್ದಾರೆ."

"ಗೊತ್ತು."

ತುದ್ವಾಲ್ ಹುಟ್ಟು ಹಾಕಿದ. ನಡುನೀರಿಗೆ ಬಂದಾಗ ಕಿಹೆಲಿನ್ ನೀರನ್ನೇ ನೋಡುತ್ತಾ ಹೇಳಿದ: "ಐವತ್ತು ಜನ. ಒಬ್ಬೊಬ್ಬರೂ ನಾನು ಮಾಡಿಲ್ಲ ಅಂದ್ರು. ಒಬ್ರೂ ನನ್ನನ್ನ ಕೇಳಲಿಲ್ಲ."

ತುದ್ವಾಲನ ಕೈ ನಿಂತಿತು. ಹರಿಗೋಲು ಮೆಲ್ಲಗೆ ಒಂದು ಸುತ್ತು ತಿರುಗಿತು. ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದನೇನೋ, ನಡುನೀರಲ್ಲವೇ. ತುದ್ವಾಲ್ ಕೇಳಲಿಲ್ಲ. ಹುಟ್ಟನ್ನು ನೀರಿಗಿಳಿಸಿ ಎಳೆದ. ಕಿಹೆಲಿನ್ ಆಚೆ ದಡಕ್ಕೆ ಇಳಿದು, ತಿರುಗಿ ನೋಡದೆ, ಮರಗಳ ನಡುವೆ ಹೋಗಿಬಿಟ್ಟ.

ಹರಿವಿನ ಎದುರು ಹರಿಗೋಲನ್ನು ಬೆನ್ನ ಮೇಲೆ ಹೊತ್ತುಕೊಂಡು ದಡದ ಗುಂಟ ನಡೆದು ತುದ್ವಾಲ್ ಕಡವು ಸೇರಿದಾಗ ಬುಧವಾರ. ಮಾರನೆಯ ದಿನ ಮೈಲೀರ್ ಬಂದ. ಈ ಸಲ ಕುದುರೆಯಿಂದ ಇಳಿದ. ತುದ್ವಾಲನ ಗುರಾಣಿಯನ್ನು ನಿಂತ ಕಲ್ಲಿಗೆ ಒರಗಿಸಿಟ್ಟ.

"ಒಬ್ಬ ಬಂದಿದ್ದ" ಅಂದ. "ಕೆಂಪು ಗಡ್ಡದೋನು. ಹಬ್ಬ ಮುಗಿದು ಎರಡು ದಿನ ಆದ್ಮೇಲೆ. ಕೊಯ್ದ ಬಳೆ ಹಿಡ್ಕೊಂಡು ನಿನ್ನ ಹೆಸರು ಹೇಳ್ದ. ಬಹಳ ಹೊತ್ತು ಹೇಳ್ದ."

"ಎಲ್ರೂ ಇದ್ರಾ?"

"ಎಲ್ಲಿ? ಹಬ್ಬ ಮುಗಿದಿತ್ತಲ್ಲ. ನಾನಿದ್ದೆ, ಒಡೆಯರಿದ್ರು, ಇಬ್ಬರು ಮೇಜು ಒರೆಸ್ತಿದ್ರು. ಒಡೆಯರು ಕಣ್ಣಲ್ಲಿ ನೀರು ತಂದ್ಕೊಂಡ್ರು. ಆದ್ರೆ ಕೊಯ್ದ ಬಳೆ ಬಳೆ ಅಲ್ಲವಲ್ಲ. ಇಳಿದ ಗುರಾಣಿ..." ಮೈಲೀರ್ ಮಾತು ನಿಲ್ಲಿಸಿ, ಕಾಲಿನಿಂದ ನೆಲ ಕೆದಕಿ, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ. "ಅವನು ಹೇಳಿದ್ದು ನಿಜಾನಾ ತುದ್ವಾಲ್?"

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನನ್ನ ಬಾಯಿಂದ ನಾನು ಹೇಳಂಗಿಲ್ಲವಲ್ಲ" ಅಂದ ತುದ್ವಾಲ್.

ಗುರಾಣಿಯ ತೊಗಲು ಗಟ್ಟಿಯಾಗಿತ್ತು, ಏಳು ವರ್ಷ ಗೋಡೆಯ ಮೇಲೆ ಒಂದು ಗೀರೂ ಇಲ್ಲದೆ ಇದ್ದದ್ದು. ತುದ್ವಾಲ್ ಅದನ್ನು ಬಿಚ್ಚಿ, ನೆನೆಸಿ, ಹರಿಗೋಲಿನ ಬಿರುಕು ಬಿಟ್ಟ ಕಡೆಗೆ ಹೊಲಿದ. ಮಾಬ್ಲಿ ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿಕೊಡುತ್ತಿದ್ದಳು. ಇಡೀ ಕಥೆ ಕೇಳಿದ ಮೇಲೆ ಅಂದಳು:

"ಆ ಕಿಹೆಲಿನ್‌ನನ್ನ ಕೇಳ್ಬೋದಿತ್ತಲ್ಲೋ, ಬೆಂಕಿ ಇಟ್ಟೆಯಾ ಇಲ್ವಾ ಅಂತ?"

"ಕೇಳಿ?"

"ತಿಳ್ಕೋಬೋದಿತ್ತು, ನಿನ್ನ ಹೆಸರು ಯಾತಕ್ಕೆ ಹೋಯ್ತು ಅಂತ."

ತುದ್ವಾಲ್ ಸೂಜಿಯನ್ನು ತೊಗಲಿನೊಳಗೆ ತೂರಿಸಿ ಎಳೆದ. "ಅರ್ಧ ಕಥೆ ನಂಗೆ ಅಭ್ಯಾಸ ಅಜ್ಜಿ" ಅಂದ. ಆಮೇಲೆ ಎದ್ದು ಹೋಗಿ ಕಡವಿನಲ್ಲಿ ಮುಖ ತೊಳೆದ. ಅವತ್ತು ಯಾವ ಕಲ್ಲನ್ನೂ ಅವನು ಮಾತಾಡಿಸಲಿಲ್ಲ. ಮಾಬ್ಲಿ ದಡದಿಂದ ನೋಡುತ್ತಿದ್ದಳು, ಬಾಯಾಡಲಿಲ್ಲ ಅಂತ ಅವಳೇ ನಮ್ಮ ಮುತ್ತಜ್ಜಿಯರಿಗೆ ಹೇಳಿದ್ದು.

ನಾನು ಈ ಕಥೆಯನ್ನು ಯಾರಿಗೆ ಹೇಳಿದರೂ ಮೊದಲು ಕೇಳುವುದು ಇದನ್ನೇ. ಶನಿವಾರ ಬೆಳಿಗ್ಗೆ, ನಿಂತ ಕಲ್ಲಿನ ಹತ್ತಿರ, ಎಡಕ್ಕೊಂದು ದಾರಿ ಬಲಕ್ಕೊಂದು ದಾರಿ, ಏಳು ವರ್ಷ ಕಾದ ಹೆಸರು ಇನ್ನೊಬ್ಬನ ಕೈಯ ಬಳೆಯಲ್ಲಿ, ನಿಮ್ಮ ಕೈಯಲ್ಲಿ ಚಾಕು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?